ರಾಜ್ಯ ಸಮಿತಿಗಳ ಕಾರ್ಯಸೂಚಿ, ನಡಾವಳಿ ಜನರ ಕೈಗೆ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಉತ್ತರ ಕನ್ನಡದ ನೆಲ, ನದಿ, ಕಡಲಿಗೆ ಸಂಬಂಧಿಸಿದ ದೊಡ್ಡ ತೀರ್ಮಾನಗಳು ಆಗುವುದು ಕಾರವಾರದಲ್ಲಲ್ಲ, ಬೆಂಗಳೂರಿನ ಸಮಿತಿ ಕೊಠಡಿಗಳಲ್ಲಿ. ಕಡಲ ದಂಡೆಯ ನಿರ್ಮಾಣಕ್ಕೆ ಕರ್ನಾಟಕ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರವಿದೆ. ಅಭಯಾರಣ್ಯಕ್ಕೆ ತಾಗುವ ಯೋಜನೆ ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಹೋಗುತ್ತದೆ. ಹೂಡಿಕೆ 500 ಕೋಟಿ ರೂಪಾಯಿ ಮೀರಿದರೆ ಮತ್ತೆ ಮುಖ್ಯಮಂತ್ರಿಯವರದ್ದೇ ಅಧ್ಯಕ್ಷತೆಯ ಉನ್ನತ ಮಟ್ಟದ ಅನುಮೋದನಾ ಸಮಿತಿ, 15ರಿಂದ 500 ಕೋಟಿಯ ಒಳಗಿದ್ದರೆ ಕೈಗಾರಿಕಾ ಸಚಿವರ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ. ಕಿರು ಬಂದರುಗಳ ವಿಷಯ ಮೆರಿಟೈಮ್ ಬೋರ್ಡ್‌ನದು. ಅರಣ್ಯ ಹಕ್ಕು ಕಾಯ್ದೆಯ ಜಾರಿಯನ್ನು ನೋಡಿಕೊಳ್ಳುವುದು ಮುಖ್ಯ ಕಾರ್ಯದರ್ಶಿಗಳ ಅಧ್ಯಕ್ಷತೆಯ ಉಸ್ತುವಾರಿ ಸಮಿತಿ. ಈ ಸಮಿತಿಗಳು ಯಾವ ದಿನ ಸೇರುತ್ತವೆ, ಯಾವ ವಿಷಯ ತೆಗೆದುಕೊಳ್ಳುತ್ತವೆ, ಯಾರು ಏನು ಹೇಳಿದರು ಎಂಬುದು ನಮ್ಮ ಜಿಲ್ಲೆಯ ಜನರಿಗೆ ಗೊತ್ತಾಗುವುದು ಎಲ್ಲ ಮುಗಿದ ಮೇಲೆ. ಎಷ್ಟೋ ಸಲ ಗೊತ್ತಾಗುವುದೇ ಇಲ್ಲ.

ಗ್ರಾಮಸಭೆಯಲ್ಲಿ ಹಳ್ಳಿಯ ಯಾವ ಮತದಾರನೂ ಎದ್ದು ನಿಂತು ಚರಂಡಿಯ ಲೆಕ್ಕ ಕೇಳಬಹುದು. ಅದೇ ಹಳ್ಳಿಯ ಎದುರಿನ ಅಳಿವೆಯಲ್ಲಿ ಬಂದರು ಬರಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆಯ ಕಾರ್ಯಸೂಚಿಯೂ ಅವನ ಕಣ್ಣಿಗೆ ಬೀಳುವುದಿಲ್ಲ. ನಿರ್ಧಾರ ದೊಡ್ಡದಾದಷ್ಟೂ ಬಾಗಿಲು ಹೆಚ್ಚು ಭದ್ರವಾಗುವ ಈ ಕ್ರಮ ಬದಲಾಗಬೇಕು. ರಾಜ್ಯ ಮಟ್ಟದ ಎಲ್ಲ ಮಂಡಳಿ, ಪ್ರಾಧಿಕಾರ, ಸಮಿತಿಗಳೂ ಸಭೆಗೆ 10 ದಿನ ಮೊದಲು ಕಾರ್ಯಸೂಚಿಯನ್ನು ಪ್ರಕಟಿಸಬೇಕು, ಸಭೆಯನ್ನು ಜನ ನೋಡಲು ಬಿಡಬೇಕು, ಮುಗಿದ 7 ದಿನದೊಳಗೆ ಕಾರಣಸಹಿತ ಕರಡು ನಡಾವಳಿಯನ್ನು, ಅಂದರೆ ಸಭೆಯ ಚರ್ಚೆ, ತೀರ್ಮಾನಗಳ ಲಿಖಿತ ದಾಖಲೆಯನ್ನು, ಜಾಲತಾಣಕ್ಕೆ ಹಾಕಬೇಕು. ಇದನ್ನು ವಿಧಾನಮಂಡಲ ಕಾನೂನಾಗಿ ಮಾಡಬೇಕು ಎಂಬುದು ನಮ್ಮ ಒತ್ತಾಯ.

ಇದಕ್ಕೆ ಬೇಕಾದ ಅಡಿಪಾಯ ಈಗಾಗಲೇ ಇದೆ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ಯಾರೂ ಕೇಳದೆಯೇ 17 ಬಗೆಯ ಮಾಹಿತಿಯನ್ನು ಪ್ರಕಟಿಸಬೇಕು, ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. 2005ರಲ್ಲಿ ಇದಕ್ಕೆ ಕೊಟ್ಟಿದ್ದ ಗಡುವು 120 ದಿನ. ಆ 17ರಲ್ಲಿ ಎಂಟನೆಯದನ್ನು ಓದುಗರು ಗಮನಿಸಬೇಕು. ಇಬ್ಬರು ಅಥವಾ ಹೆಚ್ಚು ಜನರಿರುವ ಮಂಡಳಿ, ಪರಿಷತ್ತು, ಸಮಿತಿಗಳ ಪಟ್ಟಿ ಕೊಡಬೇಕು. ಅವುಗಳ ಸಭೆ ಸಾರ್ವಜನಿಕರಿಗೆ ತೆರೆದಿದೆಯೇ, ನಡಾವಳಿ ಜನರಿಗೆ ಸಿಗುತ್ತದೆಯೇ ಎಂದೂ ತಿಳಿಸಬೇಕು. ಅಂದರೆ ಸಭೆ ತೆರೆದಿಡುವ ವಿಚಾರ ಕಾಯ್ದೆ ಬರೆದವರ ಮನಸ್ಸಿನಲ್ಲಿ ಇತ್ತು. ಆದರೆ ತೆರೆಯಲೇಬೇಕು ಎಂದು ಅವರು ಬರೆಯಲಿಲ್ಲ. ತೆರೆದಿದೆಯೋ ಇಲ್ಲವೋ ಹೇಳಿ ಎಂದಷ್ಟೇ ಬರೆದರು. ಹಾಗಾಗಿ ಅನೇಕ ಕಚೇರಿಗಳ ಕೈಪಿಡಿಯಲ್ಲಿ ಈ ಕಾಲಂನ ಮುಂದೆ 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಎಂಬ ಒಂದು ಪದ ಕೂತಿರುತ್ತದೆ. ಆ ಒಂದು ಪದ ಬರೆದರೂ ಕಾಯ್ದೆಯ ಅಕ್ಷರ ಪಾಲನೆಯಾದಂತೆಯೇ. ತುಂಬಬೇಕಾದ ಕೊರತೆ ಇರುವುದು ಇಲ್ಲಿ, ಮತ್ತು ಅದನ್ನು ರಾಜ್ಯವೇ ತುಂಬಬಹುದು. ಕೇಂದ್ರಕ್ಕಿಂತ ಐದು ವರ್ಷ ಮೊದಲು, 2000ದಲ್ಲೇ ಸ್ವಂತ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿದ್ದ ರಾಜ್ಯ ನಮ್ಮದು.

ಬಾಗಿಲು ಮುಚ್ಚಿರುವುದರಿಂದ ಆಗುವ ತೊಂದರೆ ಏನು ಎಂಬುದಕ್ಕೆ ಜಿಲ್ಲೆಯಲ್ಲೇ ಸಾಕಷ್ಟು ನಿದರ್ಶನಗಳಿವೆ. ಶರಾವತಿ ಕಣಿವೆಯ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ ಮತ್ತೆ ವಿದ್ಯುತ್ ತೆಗೆಯುವ) ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಅಹವಾಲು ಸಭೆ ಹೇಗೆ ನಡೆಯಬೇಕು ಎಂಬುದನ್ನು 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆ ಬಿಡಿಸಿ ಹೇಳುತ್ತದೆ. ಕನಿಷ್ಠ 30 ದಿನದ ಮುನ್ಸೂಚನೆ ಕೊಡಬೇಕು, ಪತ್ರಿಕೆಯಲ್ಲಿ ಜಾಹೀರಾತು ಬರಬೇಕು, ಕರಡು ವರದಿ ಮತ್ತು ಅದರ ಸ್ಥಳೀಯ ಭಾಷೆಯ ಸಾರಾಂಶ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಮೊದಲಾದ ಕಡೆ ಓದಲು ಸಿಗಬೇಕು, ಇಡೀ ಕಲಾಪದ ವಿಡಿಯೋ ಆಗಬೇಕು, ಜನ ಎತ್ತಿದ ವಿಷಯಗಳ ಸಾರವನ್ನು ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ನಡಾವಳಿಯನ್ನು ಪಂಚಾಯಿತಿ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಮಾತನಾಡುವ ಹಂತ ಇಷ್ಟು ತೆರೆದಿದೆ. ಆ ಮಾತನ್ನು ತೂಗಿ ನೋಡುವ ಹಂತಕ್ಕೆ ಬಂದಾಗ ಇದೇ ಮಟ್ಟದ ನಿಯಮವಿಲ್ಲ. ಜನ ಹೇಳಿದ್ದರಲ್ಲಿ ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂಬುದನ್ನು ಹೊನ್ನಾವರದಲ್ಲಿ ಕೂತವರು ಸಾಲುಸಾಲಾಗಿ ತಾಳೆ ನೋಡುವಂತಿರಬೇಕಲ್ಲವೇ?

ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ರಾಜ್ಯ ವನ್ಯಜೀವಿ ಮಂಡಳಿ 2020ರ ಮಾರ್ಚ್‌ನಲ್ಲಿ ಶಿಫಾರಸು ಮಾಡಿದಾಗ ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ರೈಲು ಬೇಕು ಎನ್ನುವವರೂ ಕಾಡು ಉಳಿಯಲಿ ಎನ್ನುವವರೂ ಇದೇ ಜಿಲ್ಲೆಯವರು. ಯಾವ ಸದಸ್ಯರು ಯಾವ ವರದಿಯ ಆಧಾರದ ಮೇಲೆ ಏನು ಹೇಳಿದರು ಎಂಬುದು ಸಭೆಯ ದಿನವೇ ಇಬ್ಬರಿಗೂ ತಿಳಿಯಬೇಕಿತ್ತು. ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾಗಿದ್ದ ಕಬ್ಬಿಣದ ಅದಿರು 2010ರಲ್ಲಿ ಕಾಣೆಯಾದದ್ದನ್ನು ಜಿಲ್ಲೆ ಮರೆತಿಲ್ಲ. ಪರವಾನಗಿ, ಅನುಮತಿ ಪಡೆದವರ ವಿವರ ಪ್ರಕಟಿಸಬೇಕೆಂದು ಅದೇ ಸೆಕ್ಷನ್ 4(1)(ಬಿ)ಯ ಹದಿಮೂರನೇ ಅಂಶ ಆಗಲೂ ಹೇಳುತ್ತಿತ್ತು. ಸಾಗಣೆ ಪರವಾನಗಿ, ಜಪ್ತಿ ಪಟ್ಟಿ, ಹಡಗಿಗೆ ತುಂಬಿದ ಪ್ರಮಾಣ ಮೂರನ್ನೂ ದಿನದ ದಿನ ಪಕ್ಕಪಕ್ಕದಲ್ಲಿ ಪ್ರಕಟಿಸಿದ್ದರೆ ವ್ಯತ್ಯಾಸವನ್ನು ಯಾರು ಬೇಕಾದರೂ ಹಿಡಿಯಬಹುದಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಬದಿಯ ಗುಡ್ಡ ಕುಸಿಯಿತು, ಆಗಸ್ಟ್ 7ರಂದು ಅದೇ ಹೆದ್ದಾರಿಯಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಹೆದ್ದಾರಿ ಕೇಂದ್ರದ್ದು, ನಿಜ. ಆದರೆ ಮಳೆಗಾಲದ ಮುಂಚೆ ಅಪಾಯದ ಜಾಗಗಳನ್ನು ಚರ್ಚಿಸುವ ಜಿಲ್ಲಾ ಮತ್ತು ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಗಳ ಸಭೆಗಳು ರಾಜ್ಯದವೇ. ಯಾವ ಗುಡ್ಡದ ಬಗ್ಗೆ ಎಚ್ಚರಿಕೆ ಬಂದಿತ್ತು, ಯಾವ ಕಚೇರಿಗೆ ಯಾವ ಕೆಲಸ ಒಪ್ಪಿಸಲಾಯಿತು ಎಂಬ ನಡಾವಳಿ ಗುಡ್ಡದ ಕೆಳಗೆ ಅಂಗಡಿ ಇಟ್ಟವನಿಗೆ ಮೇ ತಿಂಗಳಲ್ಲೇ ಸಿಗಬೇಕು.

'ಮಾಹಿತಿ ಹಕ್ಕು ಇದೆಯಲ್ಲ, ಅರ್ಜಿ ಹಾಕಿ' ಎನ್ನುತ್ತಾರೆ. ಅರ್ಜಿಯ ದಾರಿ ಬೇಕೇ ಬೇಕು, ಆದರೆ ಅದೊಂದರಿಂದ ಸಾಲದು. ಏಕೆ ಸಾಲದು ಎಂಬುದನ್ನು ಅರಣ್ಯ ಹಕ್ಕಿನ ದಿನಗಳ ಲೆಕ್ಕದಲ್ಲೇ ನೋಡಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಅತಿಕ್ರಮಣದಾರರು ತಾವು ಅನುಭವಿಸುತ್ತಿರುವ ಅರಣ್ಯ ಭೂಮಿಯ ಹಕ್ಕು ಕೇಳಿ ಹಾಕುವ ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. ಕೆಳಗಿನ ಹಂತದಲ್ಲಿ ತಿರಸ್ಕೃತವಾದರೆ ಮೇಲಿನ ಹಂತಕ್ಕೆ ಹೋಗಲು ಇರುವ ಅವಧಿ 60 ದಿನ. ಸಮಿತಿ ಮನಸ್ಸು ಮಾಡಿದರೆ ಇನ್ನೂ 30 ದಿನ. ಜಿಲ್ಲಾ ಸಮಿತಿ ಹೇಳಿದ್ದೇ ಅಂತಿಮ. ತಿರಸ್ಕಾರದ ಕಾರಣವನ್ನು ಅರ್ಜಿದಾರನಿಗೆ ಖುದ್ದಾಗಿ ತಿಳಿಸಬೇಕೆಂದು ನಿಯಮವೇ ಹೇಳುತ್ತದೆ. ಕೈಗೆ ಬಂದ ಕಾಗದದಲ್ಲಿ 'ಸಾಕ್ಷ್ಯ ಸಾಲದು' ಎಂಬ ಒಂದು ಸಾಲು ಮಾತ್ರ ಇದ್ದರೆ ಆತ ಮಾಡುವುದೇನು? ಸಮಿತಿಯ ನಡಾವಳಿ ಕೇಳಿ ಅರ್ಜಿ ಹಾಕಬೇಕು. ಅದಕ್ಕೆ ಉತ್ತರ ಬರಲು 30 ದಿನ. ಬಾರದಿದ್ದರೆ ಪ್ರಥಮ ಮೇಲ್ಮನವಿ, ಅದರ ತೀರ್ಮಾನಕ್ಕೆ ಮತ್ತೆ 30 ದಿನ, ಕಾರಣ ಬರೆದರೆ 45. ಅಲ್ಲಿಗೆ ಆ 60 ದಿನ ಮುಗಿಯಿತು. ಕಾಯ್ದೆ ಕೇಳುವ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ್ತವ್ಯಕ್ಕೆ ಯಾವ ಸಾಕ್ಷ್ಯ ಸಾಲಲಿಲ್ಲ ಎಂಬುದೇ ಗೊತ್ತಿಲ್ಲದೆ ಆತ ಮೇಲ್ಮನವಿ ಬರೆಯಬೇಕಾಗುತ್ತದೆ. ಸಮಿತಿ ಸೇರಿದ ವಾರದಲ್ಲೇ ಪ್ರತಿ ಅರ್ಜಿಯ ಮುಂದೆ ಪರಿಶೀಲಿಸಿದ ದಾಖಲೆಗಳು, ಒಪ್ಪದ ದಾಖಲೆ, ಒಪ್ಪದ ಕಾರಣವನ್ನು ಬರೆದ ನಡಾವಳಿ ಪಂಚಾಯಿತಿ ಫಲಕಕ್ಕೆ ಬಂದರೆ ಈ ಅನ್ಯಾಯ ನಿಲ್ಲುತ್ತದೆ. ಮೇಲ್ಮನವಿಯ ಗಡುವು ಮಾಹಿತಿಯ ಗಡುವಿಗಿಂತ ಮೊದಲೇ ಮುಗಿಯುವ ಕಡೆಗಳಲ್ಲೆಲ್ಲ ಕೇಳಿದ ಮೇಲೆ ಕೊಡುವ ಪದ್ಧತಿ ವಿಫಲವಾಗುತ್ತದೆ.

ಆದರೂ ಕಾನೂನು ಬರುವ ತನಕ ಅರ್ಜಿಯೇ ಗತಿ. ಅದು ಎಲ್ಲೆಲ್ಲಿ ಮುಗ್ಗರಿಸುತ್ತದೆ ಎಂಬುದು ಗೊತ್ತಿದ್ದರೆ ಓದುಗರ ಶ್ರಮ ಉಳಿದೀತು.

ಮೊದಲ ತೊಡಕು ಅರ್ಜಿಯ ಭಾಷೆಯಲ್ಲೇ ಇರುತ್ತದೆ. 'ನಮ್ಮೂರಿನ ತೀರದಲ್ಲಿ ಅನುಮತಿ ಏಕೆ ಕೊಟ್ಟಿರಿ?' ಎಂದು ಕೇಳಿದರೆ ಮಾಹಿತಿ ಅಧಿಕಾರಿ ಉತ್ತರಿಸಬೇಕಾಗಿಲ್ಲ. ಕಚೇರಿಯ ದಾಖಲೆಯಲ್ಲಿ ಇರುವುದನ್ನು ಕೊಡುವುದಷ್ಟೇ ಅವರ ಕರ್ತವ್ಯ. ವಿವರಣೆ, ಅಭಿಪ್ರಾಯ ಸೃಷ್ಟಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದ್ದರಿಂದ ದಾಖಲೆಯ ಹೆಸರು ಹಿಡಿದೇ ಕೇಳಬೇಕು. ಉದಾಹರಣೆಗೆ: '2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಸಭೆಗಳಲ್ಲಿ ಕುಮಟಾ ತಾಲ್ಲೂಕಿಗೆ ಸಂಬಂಧಿಸಿದ ವಿಷಯಗಳ ಕಾರ್ಯಸೂಚಿ ಟಿಪ್ಪಣಿ, ಹಾಜರಾತಿ ಹಾಳೆ, ನಡಾವಳಿ, ಸದಸ್ಯರ ಲಿಖಿತ ಅಭಿಪ್ರಾಯಗಳು ಮತ್ತು ಸಂಬಂಧಿತ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ.' ಟಿಪ್ಪಣಿ ಹಾಳೆಯನ್ನು ಬಿಡಬೇಡಿ. ಆದೇಶದಲ್ಲಿ ಕಾಣದ ಕಾರಣ, ಕೆಳಗಿನ ಅಧಿಕಾರಿಯ ಆಕ್ಷೇಪ, ಅದನ್ನು ಮೇಲಿನವರು ತಳ್ಳಿಹಾಕಿದ ರೀತಿ ಎಲ್ಲ ಇರುವುದು ಅದರಲ್ಲಿ. ಏಕೆ ಕೇಳುತ್ತಿದ್ದೀರಿ ಎಂದು ಕಚೇರಿಯವರು ಕೇಳುವಂತಿಲ್ಲ; ಸೆಕ್ಷನ್ 6(2) ಸ್ಪಷ್ಟವಾಗಿದೆ.

ಎರಡನೆಯದು ನಮ್ಮ ರಾಜ್ಯದ ನಿಯಮ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಬಂದರು, ರಸ್ತೆ, ಪರಿಹಾರ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಹಿಡಿದುಕೊಂಡು ಮರಳುವುದು ಖಚಿತ. ಮೂರು ಅರ್ಜಿ, ತಲಾ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕುಟುಂಬದವರು ಕಾರ್ಡಿನ ನಕಲು ಲಗತ್ತಿಸಿದರೆ ಶುಲ್ಕವಿಲ್ಲ. ಈ 150 ಪದದ ಮಿತಿ ಮೂಲ ಕಾಯ್ದೆಯಲ್ಲಿ ಇಲ್ಲ, ರಾಜ್ಯ ತನ್ನ ನಿಯಮದಲ್ಲಿ ಸೇರಿಸಿಕೊಂಡದ್ದು. ಅದನ್ನು ತೆಗೆಯಬೇಕು. ದಾಖಲೆಯ ಹೆಸರು ಗೊತ್ತಿಲ್ಲದವನಿಗೆ ತನ್ನ ವಿಷಯ ಬಿಡಿಸಿ ಹೇಳಲು ಹೆಚ್ಚು ಪದ ಬೇಕಾಗುತ್ತದೆ. ಮಿತಿಯ ಪೆಟ್ಟು ಬೀಳುವುದು ಅವನ ಮೇಲೆ.

ಕಚೇರಿ ತಪ್ಪಿದರೆ ಗಾಬರಿ ಬೇಡ. ಸಂಬಂಧಿಸಿದ ಕಚೇರಿಗೆ 5 ದಿನದೊಳಗೆ ವರ್ಗಾಯಿಸುವುದು ಅವರ ಹೊಣೆ, ಸೆಕ್ಷನ್ 6(3). ಅರ್ಜಿಯನ್ನು ಖುದ್ದಾಗಿ ಕೊಟ್ಟರೆ ನಕಲಿನ ಮೇಲೆ ಟಪಾಲು ವಿಭಾಗದ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ಮಾಡಿ ತಲುಪಿದ ವಿವರ ಮುದ್ರಿಸಿಟ್ಟುಕೊಳ್ಳಿ. 30 ದಿನ ಎಣಿಸುವುದು ತಲುಪಿದ ದಿನದಿಂದ. ಇಪ್ಪತ್ತೊಂಬತ್ತನೇ ದಿನ 'ಇಷ್ಟು ಸಾವಿರ ಪುಟ, ಇಷ್ಟು ಹಣ ಕಟ್ಟಿ' ಎಂಬ ಪತ್ರ ಬರಬಹುದು. ಆ ಪತ್ರ ಹೊರಟ ದಿನದಿಂದ ನೀವು ಹಣ ಕಟ್ಟುವವರೆಗಿನ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಪುಟಗಳು ಬಹಳವಿದ್ದರೆ ಮೊದಲು ಕಡತ ಪರಿಶೀಲನೆ ಕೇಳಿ, ಬೇಕಾದ ಪುಟಗಳನ್ನು ಗುರುತು ಮಾಡಿ, ಅವಷ್ಟರ ನಕಲು ಪಡೆಯುವುದು ಒಳ್ಳೆಯದು. 30 ದಿನ ಮೀರಿ ಕೊಟ್ಟರೆ ಪುಟದ ಶುಲ್ಕ ಕೇಳುವಂತಿಲ್ಲ, ಸೆಕ್ಷನ್ 7(6).

ನಿರಾಕರಣೆಯ ಹಿಂಬರಹ ಬಂದರೆ ಅದರಲ್ಲಿ ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಮೂರೂ ಇವೆಯೇ ನೋಡಿ. 'ಮೂರನೇ ವ್ಯಕ್ತಿಯ ಮಾಹಿತಿ' ಎಂದು ಬರೆದು ಕೈತೊಳೆದುಕೊಳ್ಳಲು ಬರುವುದಿಲ್ಲ. ಆ ವ್ಯಕ್ತಿಗೆ 5 ದಿನದೊಳಗೆ ನೋಟಿಸ್ ಕೊಟ್ಟು, 10 ದಿನ ಕಾಲಾವಕಾಶ ಕೊಟ್ಟು, ಅವರ ಮಾತು ಕೇಳಿ, ಅರ್ಜಿ ಬಂದ 40 ದಿನದೊಳಗೆ ಅಧಿಕಾರಿಯೇ ತೀರ್ಮಾನಿಸಬೇಕು. ಅವರು ಬೇಡ ಅಂದ ಮಾತ್ರಕ್ಕೆ ಮಾಹಿತಿ ನಿಲ್ಲುವುದಿಲ್ಲ. 'ಕಡತ ಲಭ್ಯವಿಲ್ಲ' ಎಂಬುದು ಇನ್ನೊಂದು ಮಾಮೂಲು ಉತ್ತರ. ಕಡತ ಕಳೆದಿದೆ ಎಂಬುದು ಕಾಯ್ದೆಯ ಸೆಕ್ಷನ್ 8ರ ವಿನಾಯಿತಿಗಳಲ್ಲಿ ಎಲ್ಲೂ ಇಲ್ಲ. ಒಂದು ಕಾಲಕ್ಕೆ ಇದ್ದ ದಾಖಲೆ ಸಿಗದಿದ್ದರೆ ಹುಡುಕಬೇಕು, ವಿಚಾರಣೆ ನಡೆಸಿ ಹೊಣೆ ನಿಗದಿ ಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಕಡತದ ಚಲನವಲನ ವಹಿಯ ನಕಲು ಕೇಳಿ. ಕೊನೆಗೆ ಯಾರ ಮೇಜಿಗೆ ಹೋಗಿತ್ತು ಎಂಬುದು ಅದರಲ್ಲಿ ಸಿಗುತ್ತದೆ. ಕಡತ ಸರ್ಕಾರದ ಗಣಕೀಕೃತ ಕಡತ ವ್ಯವಸ್ಥೆಯಾದ ಇ-ಆಫೀಸ್‌ನಲ್ಲಿ ಓಡಾಡಿದ್ದರೆ ಪ್ರತಿ ಹೆಜ್ಜೆಯೂ ದಿನಾಂಕ ಸಮೇತ ದಾಖಲಾಗಿರುತ್ತದೆ, ಕಳೆದಿದೆ ಎನ್ನಲು ಆಸ್ಪದವೇ ಇಲ್ಲ.

ಪ್ರಥಮ ಮೇಲ್ಮನವಿಯನ್ನು ಮೇಲಿನ ಅಧಿಕಾರಿಗೆ ಸಲ್ಲಿಸಲು 30 ದಿನ, ದ್ವಿತೀಯ ಮೇಲ್ಮನವಿಯನ್ನು ರಾಜ್ಯ ಮಾಹಿತಿ ಆಯೋಗಕ್ಕೆ ಸಲ್ಲಿಸಲು 90 ದಿನ. ಇಲ್ಲೊಂದು ಸೂಕ್ಷ್ಮವಿದೆ. ಸಿಟ್ಟಿನಲ್ಲಿ ಅನೇಕರು ಸೆಕ್ಷನ್ 18ರ ಅಡಿ ನೇರ ದೂರು ಕೊಡುತ್ತಾರೆ. ದೂರಿನ ಮೇಲೆ ಆಯೋಗ ದಂಡ ಹಾಕಬಹುದು, ಮಾಹಿತಿ ಕೊಡಿಸಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮಣಿಪುರದ ಪ್ರಕರಣವೊಂದರಲ್ಲಿ 2011ರಲ್ಲಿ ತೀರ್ಪಿತ್ತಿದೆ. ಕಾಗದ ಬೇಕಿದ್ದರೆ ಸೆಕ್ಷನ್ 19ರ ಮೇಲ್ಮನವಿಯೇ ದಾರಿ. ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಅಂದರೆ ನೂರು ದಿನ ತಡ ಮಾಡಿದರೂ ಸಾವಿರ ದಿನ ತಡ ಮಾಡಿದರೂ ಒಂದೇ. ಮತ್ತು ದ್ವಿತೀಯ ಮೇಲ್ಮನವಿಯನ್ನು ಆಯೋಗ ಇಷ್ಟು ದಿನದಲ್ಲಿ ಮುಗಿಸಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಒಬ್ಬ ಮುಖ್ಯ ಆಯುಕ್ತರು, ಹತ್ತರವರೆಗೆ ಆಯುಕ್ತರು ಇರಬಹುದಾದ ಆಯೋಗದಲ್ಲಿ ಕುರ್ಚಿ ಖಾಲಿ ಬಿದ್ದರೆ ಅರ್ಜಿಗಳ ರಾಶಿ ಬೆಳೆಯುತ್ತದೆ. ಹುದ್ದೆ ಖಾಲಿಯಾಗುವ ಮೊದಲೇ ನೇಮಕದ ಪ್ರಕ್ರಿಯೆ ಶುರುವಾಗಲಿ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದನ್ನು ಸರ್ಕಾರ ಪಾಲಿಸಬೇಕು.

ಈಗ ನಡಾವಳಿಯ ವಿಚಾರಕ್ಕೆ ಬರುತ್ತೇವೆ. ನಡಾವಳಿ ಸಿಕ್ಕಿದರೂ ಅದರಲ್ಲಿ ಹುರುಳಿರುವುದಿಲ್ಲ ಎಂಬುದು ನಮ್ಮ ದೊಡ್ಡ ದೂರು. 'ವಿಷಯವನ್ನು ಕೂಲಂಕಷವಾಗಿ ಚರ್ಚಿಸಿ ಅನುಮೋದಿಸಲಾಯಿತು.' ಚರ್ಚಿಸಿದವರು ಯಾರು, ಎದುರಾದ ಆಕ್ಷೇಪ ಯಾವುದು, ಅದಕ್ಕೆ ಕೊಟ್ಟ ಸಮಾಧಾನ ಏನು ಎಂಬುದು ಈ ಸಾಲಿನಲ್ಲಿ ಇಲ್ಲ. ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ತಿಳಿಸಬೇಕೆಂದು ಸೆಕ್ಷನ್ 4(1)(ಡಿ) ಹೇಳಿರುವಾಗ ಕಾರಣವಿಲ್ಲದ ನಡಾವಳಿ ಬರೆಯುವುದು ತಪ್ಪು. ಇನ್ನೊಂದು ಅಡ್ಡದಾರಿ 'ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು' ಎಂಬ ಕೊನೆಯ ಸಾಲು. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ ಸಭೆಯ ಕೊನೆಯ ಹತ್ತು ನಿಮಿಷದಲ್ಲಿ ಬಂದು ಅನುಮೋದನೆಯಾಗಿ ಹೋಗಲು ಅಲ್ಲಿ ಜಾಗವಿದೆ. ಜನರಿರಲಿ, ಸದಸ್ಯರೂ ಕಾಗದ ಓದಿಕೊಂಡು ಬಂದಿರುವುದಿಲ್ಲ. ಮೂರನೆಯದು ದೃಢೀಕರಣ. ನಡಾವಳಿ ಮುಂದಿನ ಸಭೆಯಲ್ಲಿ ದೃಢವಾಗಬೇಕು. ಮುಂದಿನ ಸಭೆ ಆರು ತಿಂಗಳು ಬಿಟ್ಟು ಸೇರಿದರೆ ಅಲ್ಲಿಯವರೆಗೂ 'ಇನ್ನೂ ದೃಢೀಕರಿಸಿಲ್ಲ' ಎಂಬ ಉತ್ತರ. ಅಷ್ಟರಲ್ಲಿ ಆದೇಶ ಹೊರಟು ಸ್ಥಳದಲ್ಲಿ ಜೆಸಿಬಿ ಬಂದಿರುತ್ತದೆ. ಕರಡಿನ ಮೇಲೆ 'ದೃಢೀಕರಣಕ್ಕೆ ಒಳಪಟ್ಟು' ಎಂದು ಮುದ್ರೆ ಹಾಕಿ ಪ್ರಕಟಿಸಿದರೆ ಈ ತೊಡಕು ಬಗೆಹರಿಯುತ್ತದೆ. ನಡಾವಳಿ ದೃಢವಾಗುವ ಮುನ್ನ ಆದೇಶ ಹೊರಡಿಸಲು ಅಡ್ಡಿಯಿಲ್ಲದಿದ್ದರೆ ಅದನ್ನು ಪ್ರಕಟಿಸಲು ಏಕೆ ಅಡ್ಡಿ?

ಆದ್ದರಿಂದ ಕಾನೂನಿನಲ್ಲಿ ನಡಾವಳಿಯ ಕನಿಷ್ಠ ಅಂಶಗಳನ್ನು ಬರೆದೇ ಇಡಬೇಕು. ಹಾಜರಿದ್ದವರು, ಮಧ್ಯದಲ್ಲಿ ಎದ್ದು ಹೋದವರು, ಹಿತಾಸಕ್ತಿ ಇರುವುದರಿಂದ ಹೊರಗುಳಿದವರು, ಮುಂದಿಟ್ಟ ವರದಿಗಳ ಪಟ್ಟಿ, ಬಂದ ಆಕ್ಷೇಪಗಳು, ತೀರ್ಮಾನ, ಅದರ ಕಾರಣ, ಒಪ್ಪದ ಸದಸ್ಯರ ಹೆಸರು ಮತ್ತು ಮಾತು. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯವನ್ನು ತುರ್ತು ಎಂದು ಕಾರಣ ಬರೆಯದೆ ತೆಗೆದುಕೊಳ್ಳಬಾರದು.

ಇದು ಎಲ್ಲೂ ಇಲ್ಲದ ಬೇಡಿಕೆಯಲ್ಲ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಮುಕ್ತ ಸಭೆಯ ಕಾನೂನಿದೆ. ಕ್ಯಾಲಿಫೋರ್ನಿಯಾ 1967ರಲ್ಲಿ ಮಾಡಿದ ಬ್ಯಾಗ್ಲಿ–ಕೀನ್ ಕಾಯ್ದೆ ರಾಜ್ಯ ಮಟ್ಟದ ಮಂಡಳಿಗಳಿಗೇ ಅನ್ವಯಿಸುತ್ತದೆ. ಸಭೆಗೆ ಕನಿಷ್ಠ 10 ದಿನ ಮೊದಲು ಕಾರ್ಯಸೂಚಿ ಪ್ರಕಟವಾಗಬೇಕು, ಅದರಲ್ಲಿ ಇಲ್ಲದ್ದನ್ನು ತೀರ್ಮಾನಿಸಬಾರದು, ಜನರಿಗೆ ಮಾತನಾಡಲು ಅವಕಾಶವಿರಬೇಕು. ನಾವು 10 ದಿನ ಎಂದದ್ದು ಇದನ್ನು ನೋಡಿಯೇ. ಅಷ್ಟು ದೂರ ಹೋಗುವುದೂ ಬೇಡ. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಪ್ರತಿ ರಾಜ್ಯದ ಪ್ರಾಧಿಕಾರವೂ ಪ್ರತ್ಯೇಕ ಜಾಲತಾಣ ಮಾಡಿ ಕಾರ್ಯಸೂಚಿ, ನಡಾವಳಿ, ತೀರ್ಮಾನ, ಅನುಮತಿ ಪತ್ರ, ಉಲ್ಲಂಘನೆ, ಉಲ್ಲಂಘನೆಯ ಮೇಲಿನ ಕ್ರಮ, ನ್ಯಾಯಾಲಯದ ಆದೇಶ, ಅನುಮೋದಿತ ನಕ್ಷೆ ಎಲ್ಲವನ್ನೂ ಹಾಕಬೇಕು ಎಂದಿತು. ಕಡಲ ದಂಡೆಗೆ ಸರಿಯಾದ ನಿಯಮ ಕಾಡಿಗೆ, ಕೈಗಾರಿಕೆಗೆ, ವಿಪತ್ತು ನಿರ್ವಹಣೆಗೆ ಏಕೆ ಸರಿಯಾಗದು? ಆ ಎಂಟು ಅಂಶಗಳ ಪಟ್ಟಿಯನ್ನೇ ಉಳಿದ ಮಂಡಳಿಗಳಿಗೂ ವಿಸ್ತರಿಸಿದರೆ ಅರ್ಧ ಕೆಲಸ ಆದಂತೆ.

ಜಾಲತಾಣಕ್ಕೆ ಹಾಕುವ ರೀತಿಯೂ ಮುಖ್ಯ. ಸಹಿಯಾದ ಹಾಳೆಯನ್ನು ಓರೆಯಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದರೆ ಅದು ಬರೀ ಚಿತ್ರ. 'ಅಘನಾಶಿನಿ' ಎಂದು ಹುಡುಕಿದರೆ ಏನೂ ಸಿಗದು. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಯೂನಿಕೋಡ್ ಕನ್ನಡದ ಪಠ್ಯವಿರುವ ಪಿಡಿಎಫ್, ಅದರ ಜೊತೆ ಸಭೆಯ ದಿನಾಂಕ, ತಾಲ್ಲೂಕು, ಗ್ರಾಮ, ಸರ್ವೆ ನಂಬರ್ ಹಾಕಿದ ಸೂಚಿ ಇರಬೇಕು. ದಾಖಲೆಗಳ ಪಟ್ಟಿ ಮಾಡಿ, ಸೂಚಿ ತಯಾರಿಸಿ, ಗಣಕೀಕರಿಸಬೇಕೆಂದು ಸೆಕ್ಷನ್ 4(1)(ಎ) ಹೇಳುವುದು ಇದನ್ನೇ. ತಾಂತ್ರಿಕ ಸಮಿತಿಗಳ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಇರಲಿ, ಆದರೆ ಪ್ರತಿ ವಿಷಯಕ್ಕೂ ಒಂದು ಪುಟದ ಕನ್ನಡ ಸಾರಾಂಶ ಕಡ್ಡಾಯವಾಗಬೇಕು. ತದಡಿಯ ಮೀನುಗಾರನಿಗೂ ಉಪ್ಪುನೀರಿನ ಗಜನಿ ಗದ್ದೆಯ ರೈತನಿಗೂ ತಮ್ಮ ಊರಿನ ಹೆಸರಿರುವ ಪುಟ ತಮ್ಮ ಭಾಷೆಯಲ್ಲಿ ಸಿಗಬೇಕು. ಸ್ಥಳೀಯ ಭಾಷೆಯನ್ನು ಗಮನದಲ್ಲಿಡಿ ಎಂದು ಸೆಕ್ಷನ್ 4(4) ಕೂಡ ಹೇಳಿದೆ. ರಾಜ್ಯದ 'ಮಾಹಿತಿ ಕಣಜ' ಜಾಲತಾಣ ಯೋಜನೆ, ಫಲಾನುಭವಿಗಳ ವಿವರವನ್ನು ಒಂದೆಡೆ ತಂದದ್ದು ಒಳ್ಳೆಯ ಕೆಲಸ. ಅದೇ ಕಣಜದಲ್ಲಿ ಸಭೆಗಳಿಗೆ ಒಂದು ವಿಭಾಗ ತೆರೆಯಲಿ.

ಜಿಲ್ಲಾ ಮಟ್ಟದ ಕೆಡಿಪಿ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಗಳನ್ನೂ ಇದರಲ್ಲಿ ಸೇರಿಸಬೇಕು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಹೋದ್ದರಿಂದ ಇಲಾಖೆಗಳನ್ನು ಕೂರಿಸಿ ಲೆಕ್ಕ ಕೇಳುವ ವೇದಿಕೆಯಾಗಿ ಉಸ್ತುವಾರಿ ಸಚಿವರ ಕೆಡಿಪಿ ಸಭೆಯೇ ಉಳಿಯಿತು. ಅಲ್ಲಿ ಮಂಡಿಸುವ ಪ್ರಗತಿ ವರದಿಯ ಪುಸ್ತಕ ಮುದ್ರಣವಾಗಿಯೇ ಬರುತ್ತದೆ. ಅದನ್ನು ಅದೇ ದಿನ ಜಿಲ್ಲೆಯ ಜಾಲತಾಣಕ್ಕೆ ಹಾಕಲು ಹೆಚ್ಚುವರಿ ಖರ್ಚಿಲ್ಲ. ಟೆಂಡರ್ ವಿಚಾರದಲ್ಲೂ ಒಂದು ಮಾತು. ಸರ್ಕಾರಿ ಖರೀದಿ, ಕಾಮಗಾರಿಗಳಿಗೆ ಅನ್ವಯಿಸುವ 1999ರ ಪಾರದರ್ಶಕತೆ ಕಾಯ್ದೆಯ ಸೆಕ್ಷನ್ 4(ಜಿ) ಅಡಿ ಸರ್ಕಾರ ಟೆಂಡರ್‌ನಿಂದ ವಿನಾಯಿತಿ ಕೊಟ್ಟಾಗಲೆಲ್ಲ ಆ ಪ್ರಸ್ತಾವ, ಆರ್ಥಿಕ ಇಲಾಖೆಯ ಅಭಿಪ್ರಾಯ, ವಿನಾಯಿತಿಯ ಕಾರಣ ಪ್ರಕಟವಾಗಬೇಕು.

ಆಕ್ಷೇಪಗಳೂ ಇವೆ, ಅವುಗಳಲ್ಲಿ ಕೆಲವಕ್ಕೆ ತೂಕವಿದೆ. ಜನ ನೋಡುತ್ತಿದ್ದರೆ ಅಧಿಕಾರಿಗಳು ಮನಬಿಚ್ಚಿ ಮಾತನಾಡುವುದಿಲ್ಲ ಎನ್ನುತ್ತಾರೆ. ನಮ್ಮ ತಿಳಿವಳಿಕೆ ಬೇರೆ: ಕೆಳಗಿನ ಅಧಿಕಾರಿಯ ಪ್ರಾಮಾಣಿಕ ಆಕ್ಷೇಪಕ್ಕೆ ರಕ್ಷಣೆ ಸಿಗುವುದು ಅದು ದಾಖಲಾಗಿ ಹೊರಬಂದಾಗ. ಭೂಸ್ವಾಧೀನದ ಸುದ್ದಿ ಮೊದಲೇ ಹೊರಬಿದ್ದರೆ ದಲ್ಲಾಳಿಗಳು ಜಮೀನು ಹಿಡಿಯುತ್ತಾರೆ ಎಂಬುದು ನಿಜವಾದ ಭಯ. ಈಗ ಸುದ್ದಿ ಮೊದಲು ತಲುಪುವುದು ಅವರಿಗೇ, ಜಮೀನಿನ ಯಜಮಾನನಿಗೆ ಅಲ್ಲ ಎಂಬುದನ್ನೂ ನೋಡಬೇಕು. ವ್ಯಾಪಾರದ ಗುಟ್ಟು, ನಡೆಯುತ್ತಿರುವ ತನಿಖೆ, ಭದ್ರತೆ ಇಂಥ ವಿಷಯಕ್ಕೆ ಸಭೆಯ ಆ ಭಾಗವನ್ನು ಮುಚ್ಚಬಹುದು. ಕಾರವಾರದಲ್ಲಿ ನೌಕಾನೆಲೆ, ಕೈಗಾದಲ್ಲಿ ಅಣುಸ್ಥಾವರ ಇರುವಾಗ ಇದು ಬೇಕಾಗುತ್ತದೆ. ಆದರೆ ಮುಚ್ಚುವ ಮೊದಲು ಸೆಕ್ಷನ್ 8ರ ಯಾವ ಉಪವಿಧಿಯ ಅಡಿ ಎಂದು ತೆರೆದ ಸಭೆಯಲ್ಲೇ ಹೇಳಿ ಬರೆಯಬೇಕು, ಆ ಕಾರಣ ಮುಗಿದ ಮೇಲೆ ಕಾಗದ ಹೊರಬರಬೇಕು. ಸಚಿವ ಸಂಪುಟದ ಕಾಗದಗಳಿಗೂ ಕಾಯ್ದೆ ಹೇಳುವುದು ಇದನ್ನೇ: ತೀರ್ಮಾನವಾಗಿ ವಿಷಯ ಮುಗಿದ ಮೇಲೆ ನಿರ್ಣಯ, ಕಾರಣ, ಆಧಾರ ಸಾಮಗ್ರಿ ಪ್ರಕಟವಾಗಬೇಕು, ಸೆಕ್ಷನ್ 8(1)(ಐ).

ವೈಯಕ್ತಿಕ ಮಾಹಿತಿಯ ಹೆಸರಿನಲ್ಲಿ ಬರುತ್ತಿರುವ ಹೊಸ ಅಡ್ಡಿ ನಮ್ಮನ್ನು ಹೆಚ್ಚು ಕಾಡುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ ಸೆಕ್ಷನ್ 8(1)(ಜೆ)ಯನ್ನು ಬದಲಿಸಿ, ವೈಯಕ್ತಿಕ ಮಾಹಿತಿ ಎಂಬ ಎರಡು ಪದದಲ್ಲೇ ನಿರಾಕರಣೆ ಮುಗಿಯುವಂತೆ ಮಾಡಿತು. ಫಲಾನುಭವಿ ಪಟ್ಟಿ, ಗುತ್ತಿಗೆದಾರನ ಹೆಸರು, ನಡಾವಳಿಗೆ ಸಹಿ ಹಾಕಿದ ಅಧಿಕಾರಿಯ ಹೆಸರನ್ನೂ ಮಸಿ ಬಳಿದು ಕೊಡಲು ಇದು ನೆಪವಾಗಬಾರದು. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎನ್ನುವ ಸೆಕ್ಷನ್ 8(2) ಹಾಗೆಯೇ ಇದೆ, ತಾವಾಗಿಯೇ ಪ್ರಕಟಿಸಬೇಕಾದ ಸೆಕ್ಷನ್ 4ರ ಪಟ್ಟಿಯೂ ಇದೆ. ಅರ್ಜಿದಾರರು ಮೇಲ್ಮನವಿಯಲ್ಲಿ ಇವೆರಡನ್ನೂ ಹೆಸರಿಸಿ ಬರೆಯಬೇಕು. ನಿರಾಕರಣೆ ಸರಿ ಎಂದು ಸಾಧಿಸುವ ಹೊಣೆ ಅಧಿಕಾರಿಯದು, ಸೆಕ್ಷನ್ 19(5). ತಾನಾಗಿಯೇ ಪ್ರಕಟವಾದ ದಾಖಲೆಗೆ ಅರ್ಜಿದಾರನೇ ಇರುವುದಿಲ್ಲ ಎಂಬುದು ಚಿಕ್ಕ ಊರುಗಳಲ್ಲಿ ಬಹಳ ದೊಡ್ಡ ವಿಷಯ. ಮರಳು, ಜಮೀನು, ಕಾಮಗಾರಿಯ ಕಡತ ಕೇಳಿದವರ ಹೆಸರು ಸಂಜೆಯೊಳಗೆ ಊರಿಗೆಲ್ಲ ಹಬ್ಬಿ ಅವರ ಮೇಲೆ ಒತ್ತಡ ಬರುವುದನ್ನು ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಕಾನೂನಿಗೆ ಮೊದಲೇ ಸರ್ಕಾರ ಮಾಡಬಹುದಾದದ್ದು ಬೇಕಾದಷ್ಟಿದೆ. ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ ಒಂದು ಸುತ್ತೋಲೆಯಲ್ಲಿ ನಡಾವಳಿಯ ನಮೂನೆ ಮತ್ತು 7 ದಿನದ ಗಡುವನ್ನು ನಿಗದಿ ಮಾಡಬಹುದು. ಸೆಕ್ಷನ್ 27ರ ಅಧಿಕಾರದಿಂದ ನಿಯಮ ತಿದ್ದಿ 150 ಪದದ ಮಿತಿ ತೆಗೆಯಬಹುದು. ಮಸೂದೆ ತರುವಾಗ ಅದರ ಕರಡನ್ನೇ ಮೊದಲು ಜನರ ಮುಂದಿಡಬೇಕು. ಕರಡು ಮಸೂದೆಗಳನ್ನು ಕನಿಷ್ಠ 30 ದಿನ ಸಾರ್ವಜನಿಕ ಅಭಿಪ್ರಾಯಕ್ಕೆ ಇಡಬೇಕೆಂದು ಕೇಂದ್ರ 2014ರಲ್ಲಿ ತನಗೆ ನೀತಿ ಮಾಡಿಕೊಂಡಿದೆ, ಅದನ್ನು ರಾಜ್ಯವೂ ಅನುಸರಿಸಲಿ.

ನಮ್ಮ ಜಿಲ್ಲೆಯಲ್ಲಿ ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ ಎಂದು ಆರು ವಿಧಾನಸಭಾ ಕ್ಷೇತ್ರಗಳಿವೆ. ಶಾಸಕರು ಯಾವ ಪಕ್ಷದವರೇ ಇರಲಿ, ಮುಂದಿನ ಅಧಿವೇಶನದಲ್ಲಿ ಈ ಚುಕ್ಕೆ ಗುರುತಿನ (ಸಚಿವರು ಸದನದಲ್ಲೇ ಉತ್ತರಿಸಬೇಕಾದ) ಪ್ರಶ್ನೆಯನ್ನು ಕೇಳಬೇಕೆಂದು ವಿನಂತಿಸುತ್ತೇವೆ: 'ರಾಜ್ಯ ಸರ್ಕಾರದ ಅಧೀನದಲ್ಲಿರುವ ಮಂಡಳಿ, ಪ್ರಾಧಿಕಾರ, ಸಮಿತಿಗಳು ಎಷ್ಟು? ಕಳೆದ ಎರಡು ಆರ್ಥಿಕ ವರ್ಷಗಳಲ್ಲಿ ಪ್ರತಿಯೊಂದೂ ಸೇರಿದ ದಿನಾಂಕಗಳು ಯಾವುವು? ಅವುಗಳಲ್ಲಿ ಎಷ್ಟರ ಕಾರ್ಯಸೂಚಿ ಸಭೆಗೆ ಮುನ್ನ, ಎಷ್ಟರ ನಡಾವಳಿ ಸಭೆಯ ನಂತರ ಜಾಲತಾಣದಲ್ಲಿ ಪ್ರಕಟವಾಗಿದೆ? ಪ್ರಕಟವಾಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ ಯಾವ ವಿನಾಯಿತಿಯ ಅಡಿ ತಡೆಹಿಡಿಯಲಾಗಿದೆ? ಪ್ರಕಟಿಸಲು ಹೊಣೆಗಾರರಾದ ಅಧಿಕಾರಿಯ ಪದನಾಮವೇನು? ಈ ವಿವರವನ್ನು ಸಮಿತಿವಾರು ಅನುಬಂಧದಲ್ಲಿ ಸದನದ ಮುಂದಿಡುವುದು.'

— ಮಾಹಿತಿ ಹಕ್ಕು ಅರ್ಜಿ ಬರೆಯಲು ನೆರವಾಗುವ ಕೆಲವು ಓದುಗರು, ಕುಮಟಾ ಮತ್ತು ಶಿರಸಿ